ಕೂಗದ ಕುಕ್ಕರ್

ಸೊರಬದ ನಮ್ಮ ಪಾತ್ರೆ ಅಂಗಡಿಯವರು ಹೊಸ ಕುಕ್ಕರಿಗೆ ನೀರು ಹಾಕಿ, ಅಲ್ಲೇ ಒಲೆಯ ಮೇಲಿಟ್ಟು, ಒಂದು ಸಲ ಕೂಗಿಸಿಯೇ ಕೈಗೆ ಕೊಡುತ್ತಾರೆ. ಕಳೆದ ವರ್ಷ ನಾನು ಅವರೆದುರೇ ಮೊಬೈಲ್ ತೆಗೆದು ಬೆಲೆ ನೋಡಿದೆ. ಅದೇ ಕುಕ್ಕರ್ ಅದರಲ್ಲಿ ಮುನ್ನೂರು ರೂಪಾಯಿ ಕಡಿಮೆಗೆ ಸಿಗುತ್ತಿತ್ತು.

"ಅದ್ರಾಗೇ ತರಿಸ್ಕಳ್ರೀ ಅಕ್ಕಾ. ಕೂಗ್ಸಕೆ ಮಾತ್ರ ಇಲ್ಲಿಗೆ ತರಬ್ಯಾಡಿ," ಎಂದು ಅವರು ನಕ್ಕರು.

ತರಿಸಿಕೊಂಡೆ. ಬೇಳೆ ಹಾಕಿ ಒಲೆಯ ಮೇಲಿಟ್ಟೆ. ಎಷ್ಟು ಹೊತ್ತಾದರೂ ಅದು ಕೂಗಲಿಲ್ಲ, ಉಗಿಯೂ ಬರಲಿಲ್ಲ. ಮುಚ್ಚಳ ಮಾತ್ರ ಸಣ್ಣಗೆ ನಡುಗತೊಡಗಿತು. ಒಲೆಯ ಪಕ್ಕದಲ್ಲೇ ಅತ್ತೆ ಮಣೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು.

"ಅತ್ತೇ, ಏಳಿ, ಹೊರಗೆ ಬನ್ನಿ!"

"ಯಾಕೇ, ಹಾವು ಬಂತನೇ?" ಎನ್ನುತ್ತಾ ಅವರು ಸೊಪ್ಪನ್ನೆಲ್ಲ ಮಡಿಲಿಗೆ ತುಂಬಿಕೊಳ್ಳತೊಡಗಿದರು.

ಅವರನ್ನು ಸೊಪ್ಪಿನ ಸಮೇತ ಹಿತ್ತಿಲಿಗೆ ಎಳೆದುಬಿಟ್ಟು ಒಳಗೆ ಬಂದೆ. ಗೋಡೆಗೆ ಅಂಟಿಕೊಂಡೇ ಹೋಗಿ, ಮುಖ ಆಚೆ ತಿರುಗಿಸಿ, ಕೈ ಚಾಚಿ ಗ್ಯಾಸ್ ಆರಿಸಿದೆ. ಆರಿದ ಮೇಲೂ ಅದು ಸ್ವಲ್ಪ ಹೊತ್ತು ನಡುಗುತ್ತಲೇ ಇತ್ತು, ನಾನೂ.

ತಣ್ಣಗಾದ ಮೇಲೆ ನೋಡಿದರೆ, ಉಗಿ ಹೋಗುವ ಕೊಳವೆಯೊಳಗೆ ಪ್ಯಾಕಿಂಗಿನ ಪ್ಲಾಸ್ಟಿಕ್ ಚೂರೊಂದು ಕರಗಿ ಕೂತಿತ್ತು.

ಮರುದಿನ ಕುಕ್ಕರನ್ನು ಅದೇ ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಕೊಳವೆ ಬಿಚ್ಚಿ, ಪ್ಲಾಸ್ಟಿಕ್ ಕೆರೆದು ತೆಗೆದು ಮತ್ತೆ ಕೂರಿಸಿ, ನೀರು ಹಾಕಿ ಒಲೆಗಿಟ್ಟರು. ಅದು ಕೂಗುವವರೆಗೂ ನಾನು ರಸ್ತೆಯಲ್ಲೇ ನಿಂತಿದ್ದೆ.