ಹಲಗೆಯ ಅಡಿಯಲ್ಲಿ ಏನೂ ಇಲ್ಲ

ಕೋಯಮತ್ತೂರು ಜಿಲ್ಲೆಯ ನೆಗಮಂನ ನೇಕಾರರ ಬೀದಿಯಲ್ಲಿ ಬೆಳಗಾಗುವುದು ತಿರುಮೂರ್ತಿಯವರ ಉಪ್ಪುಕಾಗದದ ಸದ್ದಿಗೆ. ಕೋಳಿಗಳು ಆಮೇಲೆ ಕೂಗುತ್ತವೆ. ಮರ ಉಜ್ಜುವ ಆ ಸದ್ದು ಕೇಳಿದ ಮೇಲೆಯೇ ಅವು ಬಾಯಿ ತೆರೆಯುವುದು ಎಂದು ಕೋಳಿ ಸಾಕಿದವರು ಆಣೆ ಇಟ್ಟು ಹೇಳುತ್ತಾರೆ. ಕೋಳಿಗಳ ಹೇಳಿಕೆ ಸಿಕ್ಕಿಲ್ಲ.

ಇನ್ನೂ ಪೂರ್ತಿ ಬೆಳಕಾಗಿಲ್ಲ. ತಿರುಮೂರ್ತಿ ಜಗಲಿಯ ಮೇಲೆ ಕೂತು, ಮೊಣಕಾಲಿಗೆ ಆನಿಸಿಕೊಂಡ ಹುಣಸೆ ಮರದ ಲಾಳಿಯನ್ನು ಉಜ್ಜುತ್ತಿದ್ದಾರೆ. ದೋಣಿಯ ಆಕಾರ, ಎರಡೂ ತುದಿಗೆ ಕಬ್ಬಿಣದ ಮೂತಿ. ನಾಲ್ಕು ಸಲ ಉಜ್ಜಿ ಅಂಗೈ ಮೇಲಿಟ್ಟು ಕಣ್ಣು ಮುಚ್ಚುತ್ತಾರೆ. ಮತ್ತೆ ಉಜ್ಜುತ್ತಾರೆ. ಆಮೇಲೆ ಅದನ್ನು ಜಗಲಿಯುದ್ದಕ್ಕೂ ಚಾಚಿಕೊಂಡಿರುವ ಹಲಗೆಯ ತುದಿಗಿಟ್ಟು, ಮಗ್ಗದಲ್ಲಿರುವಂತೆಯೇ ಮೇಲಿಂದ ಇಳಿಬಿದ್ದ ಹಗ್ಗದ ಹಿಡಿಯನ್ನು ಒಮ್ಮೆ ಎಳೆಯುತ್ತಾರೆ. ಟಕ್. ಲಾಳಿ ಹಲಗೆಯ ಮೇಲೆ ಸರ್ರನೆ ಓಡಿ, ಆ ಕಡೆ ಬಳಿದ ಕೆಂಪು ಚೌಕದೊಳಗೆ ಹೋಗಿ, ಮೂತಿಯಷ್ಟನ್ನು ಹೊರಗೆ ಚಾಚಿ ನಿಲ್ಲುತ್ತದೆ.

"ನಿಲ್ಲಿಲ್ಲ ತಾನೆ?" ಒಳಗೆ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಹೆಂಡತಿ ಮಲ್ಲಿಗಾ ಕೇಳುತ್ತಾರೆ. ಅವರು ನೋಡಿಲ್ಲ. ನೋಡುವ ಅಗತ್ಯವೂ ಇಲ್ಲ.

"ನಿಂತೈತೆ. ಮೂತಿ ಮಾತ್ರ ಬೀದಿ ನೋಡ್ತೈತೆ."

"ಅಂಗಾದ್ರೆ ನಿಲ್ಲಿಲ್ಲ."

ತಿರುಮೂರ್ತಿ ಮತ್ತೆ ಉಪ್ಪುಕಾಗದ ಕೈಗೆತ್ತಿಕೊಳ್ಳುತ್ತಾರೆ. ಇವತ್ತು ಭಾನುವಾರ. ಈ ಹಲಗೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಗೂಡ್ಸ್ ಆಟೊ ಹತ್ತಿ ಕೋಯಮತ್ತೂರಿನ ಒಂದು ಕಲ್ಯಾಣ ಮಂಟಪಕ್ಕೆ ಹೋಗಬೇಕು. ಅಲ್ಲಿ ಇದರ ಮಾನ, ಇದನ್ನು ಮಾಡಿದವರ ಮಾನ ಎರಡೂ ತೂಗಲಿವೆ.

ಮಗ್ಗದ ಬಡಗಿಯೊಬ್ಬರ ಮಾನ ಒಂದು ಆಟದ ಹಲಗೆಗೆ ಸಿಕ್ಕಿಕೊಂಡಿದ್ದು ಹೇಗೆ ಎಂದರೆ, ಅದಕ್ಕೆ ಮನೆಮನೆಗೆ ಕೇಬಲ್ ತಂತಿ ಎಳೆದ ಕಾಲಕ್ಕೆ ಹೋಗಬೇಕು. ಆಗ ಕೋಯಮತ್ತೂರಿನ ಒಂದು ಪುಟ್ಟ ಚಾನೆಲ್ಲಿನಲ್ಲಿ ಭಾನುವಾರ ಸಂಜೆ 'ಒರು ಕೈ ಪಾರುಂಗ' ಎಂಬ ಕಾರ್ಯಕ್ರಮ ಬರುತ್ತಿತ್ತು. ಒಂದು ಕೈ ನೋಡಿ ಅಂತ. ಪ್ರಶ್ನೆ ಕೇಳುವುದಿಲ್ಲ, ಹಾಡು ಹೇಳಿಸುವುದಿಲ್ಲ. ಕೈಚಳಕದ ಆಟ ಆಡಬೇಕು, ಗೆದ್ದರೆ ಟೇಬಲ್ ಮೇಲಿಡುವ ವೆಟ್ ಗ್ರೈಂಡರ್. ಆ ಹೊತ್ತಿಗೆ ಉಕ್ಕಡಂ ಬಸ್ ನಿಲ್ದಾಣದಲ್ಲಿ ಬಸ್ಸುಗಳು ಡ್ರೈವರಿಲ್ಲದೆ ನಿಂತಿರುತ್ತಿದ್ದವಂತೆ. ಡ್ರೈವರುಗಳೆಲ್ಲ ಟೀ ಅಂಗಡಿಯ ಟಿವಿ ಮುಂದೆ. ಪ್ರಯಾಣಿಕರೂ ಅಲ್ಲೇ ಇದ್ದುದರಿಂದ ಯಾರೂ ದೂರಲಿಲ್ಲ.

ಕಾರ್ಯಕ್ರಮ ನಡೆಸುತ್ತಿದ್ದವರು ಬಾಲಸುಬ್ರಮಣಿಯನ್. ಆಟಗಳನ್ನೆಲ್ಲ ಮಾಡಿಕೊಡುತ್ತಿದ್ದವರು ತಿರುಮೂರ್ತಿ. ಅವರ ಹೆಸರು ಪರದೆಯ ಮೇಲೆ ಬರುತ್ತಿತ್ತು, ಆದರೆ ಜಾಹೀರಾತು ಶುರುವಾದ ಮೇಲೆ ಬರುತ್ತಿತ್ತು.

ಆ ಆಟಗಳ ವಿಶೇಷ ಏನೆಂದರೆ ಯಾವುದೂ ಬಹಳ ದಿನ ಬದುಕಲಿಲ್ಲ. 'ಎಳೆ ಕಟ್ಟು' ಆಟದಲ್ಲಿ ಓಡುವ ಫ್ಯಾನಿನ ಮುಂದೆ ಕಡಿದ ನೂಲಿನ ಎಳೆಗಳನ್ನು ಗಂಟು ಹಾಕಿ ಕೂಡಿಸಬೇಕಿತ್ತು. ಸ್ಪರ್ಧಿಯೊಬ್ಬರ ಮೀಸೆ ಗಂಟಿಗೆ ಸಿಕ್ಕಿಕೊಂಡು ಅವರು ನೂಲಿನ ಸಮೇತ ಸೂಲೂರಿನ ತನಕ ಬಸ್ಸಿನಲ್ಲಿ ಹೋದರೆಂದು ಪ್ರತೀತಿ. ನೂಲಿನ ಇನ್ನೊಂದು ತುದಿ ಸ್ಟುಡಿಯೋದಲ್ಲೇ ಇತ್ತು ಎನ್ನುವವರೂ ಇದ್ದಾರೆ. ಆ ಆಟ ಒಂದು ತಿಂಗಳು ತುಂಬುವ ಮೊದಲೇ ಕಣ್ಣು ಮುಚ್ಚಿತು. 'ತೇಂಗಾಯ್ ಸವಾರಿ'ಯಲ್ಲಿ ಎರಡು ಹಗ್ಗಗಳ ಮೇಲೆ ತೆಂಗಿನಕಾಯಿ ಉರುಳಿಸಬೇಕು. ಎರಡನೇ ವಾರವೇ ಕಾಯಿ ಹಾರಿ ದೀಪಕ್ಕೆ ಬಡಿಯಿತು. ಬಾಲಸುಬ್ರಮಣಿಯನ್ ಕತ್ತಲಲ್ಲೇ ಕಾರ್ಯಕ್ರಮ ನಡೆಸಿಕೊಟ್ಟರು. ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು ಎಂದು ಇವತ್ತಿಗೂ ಅನೇಕರ ಅಭಿಪ್ರಾಯ.

ಕೊನೆಗೆ ಬಂದದ್ದು 'ಲಾಳಿ ಓಟ'. ಹಗ್ಗ ಎಳೆಯಬೇಕು, ಲಾಳಿ ಓಡಿ ಕೆಂಪು ಚೌಕದೊಳಗೆ ಪೂರ್ತಿ ನಿಲ್ಲಬೇಕು. ಅಷ್ಟೇ. ಮೂರು ಭಾನುವಾರ ಎಳೆದೇ ಎಳೆದರು. ಒಬ್ಬರೂ ಗೆಲ್ಲಲಿಲ್ಲ.

ಮೂರನೇ ಭಾನುವಾರ ಆಡಿದವರು ಮೆಟ್ಟುಪಾಳ್ಯದ ತರಕಾರಿ ಮಂಡಿಯ ನಾಚಿಯಮ್ಮ. ಉರುಳೈಕಿಳಂಗು, ಅಂದರೆ ಆಲೂಗೆಡ್ಡೆಯ ಸಗಟು ವ್ಯಾಪಾರ. ಮನೆಮಾತು ನೇಕಾರರ ಬೀದಿಯವರ ಹಾಗೆಯೇ ಕನ್ನಡ, ಬೈಯುವ ಮಾತು ತಮಿಳು. ಲಾಳಿ ಚೌಕದ ಅಂಚಿಗೆ ಬಂದು ನಿಂತಾಗ ಅವರು ಕ್ಯಾಮೆರಾ ಮುಂದೆಯೇ ಬಗ್ಗಿ, ಹಲಗೆಯ ಕೆಳಗೆ ಬೆರಳು ತೋರಿಸಿ ಕೂಗಿದರು: "ಕೀಳೆ ಕಾಂದಂ ಇರುಕ್ಕು!" ಅಡಿಯಲ್ಲಿ ಅಯಸ್ಕಾಂತ ಇದೆ ಅಂತ. ಲಾಳಿಯ ಮೂತಿ ಕಬ್ಬಿಣದ್ದು. ಇಡೀ ಜಿಲ್ಲೆ ನಂಬಿತು. ಮುಂದಿನ ವಾರ ಆಟ ಇರಲಿಲ್ಲ. ಸ್ವಲ್ಪ ದಿನಕ್ಕೆ ಕಾರ್ಯಕ್ರಮವೂ ಇರಲಿಲ್ಲ.

"ಆಟ ಹೋದ್ರೆ ಹೋಗ್ಲಿ ಸಾಮಿ," ಎನ್ನುತ್ತಾರೆ ತಿರುಮೂರ್ತಿ, ಲಾಳಿಯಿಂದ ಕಣ್ಣೆತ್ತದೆ. "ನಾನು ಮರ ಕೆತ್ತೋನು. ಮೋಸ ಕೆತ್ತೋನು ಅಂದ್ಬುಟ್ರಲ್ಲ. ಆಮೇಲೆ ಯಾರ ಮನೆಗೆ ಮಗ್ಗ ರಿಪೇರಿಗೆ ಹೋದ್ರೂ ಬಗ್ಗಿ ನೋಡೋರು. ನಗ್ತಾನೇ ನೋಡೋರು. ಆದ್ರೂ ನೋಡೋರು."

ಮಗ್ಗಗಳು ಕಡಿಮೆಯಾದವು, ಬಗ್ಗಿ ನೋಡುವವರೂ ಕಡಿಮೆಯಾದರು. ತಿರುಮೂರ್ತಿ ಬಾಗಿಲು ಚೌಕಟ್ಟು ಮಾಡಿದರು, ತೊಟ್ಟಿಲು ಮಾಡಿದರು, ಪವರ್‌ಲೂಮ್ ಶೆಡ್ಡಿಗೆ ಬೆಂಚು ಮಾಡಿದರು. ಲಾಳಿ ಓಟದ ಹಲಗೆಯ ಮೇಲೆ ಮಲ್ಲಿಗಾ ವರ್ಷಗಟ್ಟಲೆ ಸಂಡಿಗೆ ಒಣಗಿಸಿದರು. ಅಷ್ಟು ಸಮತಟ್ಟಾದ ಸಂಡಿಗೆ ಕೋಯಮತ್ತೂರು ಸುತ್ತಿನ ಕೊಂಗುನಾಡಿನಲ್ಲೇ ಇರಲಿಲ್ಲ.

ಇನ್ನೇನು ಎಲ್ಲರೂ ಮರೆತರು ಎನ್ನುವಾಗ ಫೋನುಗಳು ಬಂದವು. 'ಒರು ಕೈ ಪಾರುಂಗ'ದ ಟೇಪುಗಳೆಲ್ಲ ಅಳಿಸಿಹೋಗಿವೆ. ಉಳಿದು ಫೋನಿಂದ ಫೋನಿಗೆ ಓಡಾಡುತ್ತಿರುವುದು ಒಂದೇ ತುಣುಕು. ಯಾವುದು ಎಂದು ಹೇಳಬೇಕಾಗಿಲ್ಲ. ನಾಚಿಯಮ್ಮ ಬಗ್ಗುತ್ತಾರೆ, ಬೆರಳು ತೋರಿಸುತ್ತಾರೆ, ಕೂಗುತ್ತಾರೆ. ಈಗ ಕೋಯಮತ್ತೂರು, ತಿರುಪ್ಪೂರಿನಲ್ಲಿ ಬಸ್ಸು ಹೊರಡದಿದ್ದರೆ, ಲಿಫ್ಟ್ ಏಳದಿದ್ದರೆ, ಮದುಮಗ ಹಸೆಮಣೆಯಿಂದ ಏಳದಿದ್ದರೆ ಹುಡುಗರು ಹೇಳುವುದು ಅದನ್ನೇ: ಕೀಳೆ ಕಾಂದಂ ಇರುಕ್ಕು.

ಹಾಗಾದರೆ ಯಾರೂ ಗೆಲ್ಲದಿದ್ದುದೇಕೆ? ಅದರ ಕಾರಣ ಮಲ್ಲಿಗಾ ಅವರಿಗೆ ಒಂದು ಮಧ್ಯಾಹ್ನ, ಸಂಡಿಗೆ ತಿರುವಿ ಹಾಕುವಾಗ ಹೊಳೆಯಿತು. ಹೊಸ ಆಟ ಸಿದ್ಧವಾದಾಗಲೆಲ್ಲ ಬಾಲಸುಬ್ರಮಣಿಯನ್ ಸ್ಕೂಟರಿನಲ್ಲಿ ನೆಗಮಂಗೆ ಬಂದು, ಗೆಲ್ಲಲು ಆಗುತ್ತದಾ ಎಂದು ಪರೀಕ್ಷಿಸುತ್ತಿದ್ದರು. ತಿರುಮೂರ್ತಿ ಹೆಂಡತಿಯನ್ನು ಕರೆಯುತ್ತಿದ್ದರು. ಲಾಳಿ ಓಟದ ಸರದಿ ಬಂದಾಗ, ಮಲ್ಲಿಗಾ ಎಳೆದರೆ ಲಾಳಿ ಚೌಕದಲ್ಲಿ ನಿಲ್ಲುತ್ತಿತ್ತು. ಪಕ್ಕದ ಮನೆಯವರು ಎಳೆದರೂ ನಿಲ್ಲುತ್ತಿತ್ತು. ಕಣ್ಣಿಗೆ ಪೊರೆ ಬಂದ ಬೆಳ್ಳಿಯಮ್ಮಜ್ಜಿ, ಹಲಗೆ ಯಾವ ಕಡೆ ಇದೆ ಎಂದು ಕೇಳಿಕೊಂಡು ಬಂದು ಎಳೆದರೂ ನಿಲ್ಲುತ್ತಿತ್ತು. "ಇಷ್ಟು ಸುಲಭವಾದರೆ ಹೇಗಪ್ಪಾ, ಚೌಕ ಚಿಕ್ಕದು ಮಾಡು," ಎಂದು ಹೇಳಿ ಬಾಲಸುಬ್ರಮಣಿಯನ್ ಹೋಗುತ್ತಿದ್ದರು. ತಿರುಮೂರ್ತಿ ಮಾಡುತ್ತಿದ್ದರು.

"ಈ ಬೀದೀಲಿ ಇರೋರೆಲ್ಲ ಹುಟ್ಟಿದಾಗಿಂದ ಅದೇ ಹಗ್ಗ ಎಳ್ದೋರು," ಎನ್ನುತ್ತಾರೆ ಮಲ್ಲಿಗಾ. "ಎಳೆ ಕಟ್ಟೋದು ನಮ್ ವೇಲೆ, ದಿನದ ಕೆಲ್ಸ. ಲಾಳಿ ಓಡ್ಸೋದು ನಮ್ ವೇಲೆ. ನಮ್ ಕೈ ಅಳತೆಗೆ ಆಟ ಮಾಡಿ ಟೌನಿನೋರಿಗೆ ಕೊಟ್ರೆ ಅವ್ರೇನ್ ಮಾಡ್ತಾರೆ ಪಾಪ? ಬಗ್ಗಿ ಕಾಂದಂ ಹುಡುಕ್ತಾರೆ."

ಇದು ತಿಳಿದ ಮೇಲೂ ಉಪಯೋಗವಿರಲಿಲ್ಲ. ಯಾರಿಗೆ ಹೇಳುವುದು? ಕೇಬಲ್ ಚಾನೆಲ್ ಮುಚ್ಚಿತ್ತು.

ಹೋದ ತಿಂಗಳು ಬಾಲಸುಬ್ರಮಣಿಯನ್ ಫೋನ್ ಮಾಡಿದರು. ಈಗ ಅವರು ಮದುವೆ ಮನೆಗಳಿಗೆ ಕಾರ್ಯಕ್ರಮ ಮಾಡಿಸುವ ಉದ್ಯೋಗದಲ್ಲಿದ್ದಾರೆ. ಕೂದಲು ಮೊದಲಿಗಿಂತ ಕಪ್ಪಗಾಗಿದೆ. ಹಳೆಯ ಕಾರ್ಯಕ್ರಮದ ಅಭಿಮಾನಿಗಳನ್ನೆಲ್ಲ ಒಂದು ಮಂಟಪದಲ್ಲಿ ಸೇರಿಸಿ ಅವೇ ಆಟಗಳನ್ನು ಮತ್ತೆ ಆಡಿಸುತ್ತಾರಂತೆ. ನಾಚಿಯಮ್ಮನೂ ಬರುತ್ತಾರಂತೆ. ಲಾಳಿ ಓಟ ಬೇಕೇ ಬೇಕು. ಒಂದೇ ಒಂದು ಸಣ್ಣ ಬದಲಾವಣೆ.

"ಮೂರ್ತಿ, ಈ ಸಲ ನಿಜವಾಗಿಯೂ ಒಂದು ಕಾಂದಂ ಇಟ್ಟುಬಿಡು, ಚೌಕದ ಅಡಿಯಲ್ಲಿ. ಎಲ್ಲರೂ ಗೆಲ್ಲಲಿ. ಫೋಟೋ ಚೆನ್ನಾಗಿ ಬರುತ್ತೆ."

ತಿರುಮೂರ್ತಿ ಫೋನನ್ನು ಸ್ವಲ್ಪ ದೂರ ಹಿಡಿದು ನೋಡಿದರು. ಆಮೇಲೆ ಹೇಳಿದರು: "ಸಾರ್, ಅವತ್ತು ಇಡ್ದೇನೇ ಬೈಸ್ಕೊಂಡೆ. ಇವತ್ತು ಇಟ್ರೆ ಅವತ್ತು ಬೈದದ್ದೂ ಸರಿ ಆಗೋಗ್ತೈತೆ. ಬರೀ ಮರಂತಾನ್ ತರ್ತೀನಿ. ಬೇಡಾಂದ್ರೆ ಸಂಡಿಗೆ ಒಣಗಾಕ್ತೀವಿ."

ಹಾಗಾಗಿ ಈ ಭಾನುವಾರ ಬರೀ ಮರವೇ ಗೂಡ್ಸ್ ಆಟೊ ಹತ್ತುತ್ತದೆ. ಲಾಳಿಯನ್ನು ತಿರುಮೂರ್ತಿ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. "ಒಬ್ರು ಗೆಲ್ಬೇಕು, ಮಲ್ಲಿಗಾ. ನೇಕಾರರಲ್ಲದೋರು ಒಬ್ರು. ಇವತ್ತೂ ಯಾರೂ ಗೆಲ್ಲಿಲ್ಲಾಂದ್ರೆ ಕಾಂದಂ ನಮ್ ಹೆಸರಿಗೇ ಪಟ್ಟಾ ಆಗ್ತೈತೆ." ಮಲ್ಲಿಗಾ ಹಲಗೆಯ ಮೇಲೆ ಕೈಯಿಟ್ಟು ಹಿಂದೆ ಕೂತಿದ್ದಾರೆ.

ಮಂಟಪದಲ್ಲಿ ಜನ ತುಂಬಿದ್ದಾರೆ. ಅವತ್ತು ಸ್ಕೂಲು ಯೂನಿಫಾರ್ಮಿನಲ್ಲಿ ಟಿವಿ ಮುಂದೆ ಕೂತವರು ಈಗ ಹೊಟ್ಟೆ ಬಿಟ್ಟುಕೊಂಡು ಬಂದಿದ್ದಾರೆ. ತೇಂಗಾಯ್ ಸವಾರಿಯ ಹಗ್ಗ ನೋಡಿ ಒಬ್ಬರು ಕಣ್ಣೊರೆಸಿಕೊಳ್ಳುತ್ತಾರೆ. ಲಾಳಿ ಓಟದ ಸಾಲು ಎಲ್ಲಕ್ಕಿಂತ ಉದ್ದ. ಬಂದವರೆಲ್ಲ ಮೊದಲು ಬಗ್ಗಿ ನೋಡಿ, ನಕ್ಕು, ಎಳೆಯುತ್ತಾರೆ. ಸೋತು, ಮತ್ತೆ ಬಗ್ಗಿ ನೋಡುತ್ತಾರೆ. ಊಟದ ಹೊತ್ತು ಹತ್ತಿರವಾಗುತ್ತದೆ. ಒಬ್ಬರೂ ಗೆದ್ದಿಲ್ಲ. ತಿರುಮೂರ್ತಿ ಪ್ರತಿ ಸಲವೂ ಲಾಳಿಯನ್ನು ಒರೆಸಿ ಜಾಗಕ್ಕೆ ಇಡುತ್ತಾರೆ, ಮುಖ ಸಣ್ಣದಾಗುತ್ತಾ ಹೋಗುತ್ತದೆ.

ಆಗ ನಾಚಿಯಮ್ಮ ಬರುತ್ತಾರೆ. ವಯಸ್ಸು ಎಪ್ಪತ್ತರ ಆಸುಪಾಸು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಸಾಲು ತಾನಾಗಿ ದಾರಿ ಬಿಡುತ್ತದೆ.

"ಏನ್ ತಂಬಿ, ಇದೇ ಹಲಗೆಯಾ?"

"ಇದೇ ಅಕ್ಕಾ."

"ಕಾಂದಂ ತೆಗ್ದ್ಯಾ, ಅಂಗೇ ಐತಾ?"

ಎಲ್ಲರೂ ನಗುತ್ತಾರೆ. ತಿರುಮೂರ್ತಿ ನಗುವುದಿಲ್ಲ. "ಎಳೀರಿ ಅಕ್ಕಾ," ಎನ್ನುತ್ತಾರೆ.

ಮೊದಲ ಸಲ ನಾಚಿಯಮ್ಮ ಎಳೆದ ರಭಸಕ್ಕೆ ಲಾಳಿ ಚೌಕ ದಾಟಿ, ಹಲಗೆ ದಾಟಿ, ಊಟದ ಸಾಲಿನ ತನಕ ಹೋಗಿ ಒಬ್ಬರ ಎಲೆಯ ಪಕ್ಕ ನಿಲ್ಲುತ್ತದೆ. ಅವರು ಅದನ್ನು ಬಡಿಸಿದ್ದು ಎಂದುಕೊಳ್ಳುವುದಿಲ್ಲ. ಆದರೂ ಸ್ವಲ್ಪ ಯೋಚಿಸುತ್ತಾರೆ. ಎರಡನೇ ಸಲ ಅರ್ಧ ದಾರಿಗೂ ಹೋಗುವುದಿಲ್ಲ. ನಾಚಿಯಮ್ಮ ಬಗ್ಗಲು ಶುರು ಮಾಡುತ್ತಾರೆ. ಹತ್ತಾರು ಫೋನುಗಳು ಮೇಲೇಳುತ್ತವೆ.

ಅಷ್ಟರಲ್ಲಿ ಮಲ್ಲಿಗಾ ಜನರ ನಡುವಿಂದ ದಾರಿ ಮಾಡಿಕೊಂಡು ಹಲಗೆಯ ಹತ್ತಿರ ಬರುತ್ತಾರೆ. "ಅಕ್ಕಾ, ಮೂಟೆ ಎಳ್ದಂಗೆ ಎಳೀಬೇಡಿ. ಮಂಡೀಲಿ ತಕ್ಕಡಿ ಸರಿ ನಿಲ್ಸೋಕೆ ಕೊನೇ ಗೆಡ್ಡೆ ಇಡ್ತೀರಲ್ಲ? ಆ ಕೈ ಹಾಕಿ."

"ಅದು ಬಲಗೈಯಲ್ಲ, ಎಡಗೈ."

"ಎಡಗೈಲೇ ಎಳೀರಿ."

ನಾಚಿಯಮ್ಮ ಹಿಡಿಯನ್ನು ಕೈ ಬದಲಿಸಿ ಹಿಡಿಯುತ್ತಾರೆ. ತಕ್ಕಡಿಗೆ ಕೊನೆಯ ಗೆಡ್ಡೆ ಇಡುವಾಗ ಮಾಡುವ ಹಾಗೆಯೇ ಉಸಿರು ಹಿಡಿಯುತ್ತಾರೆ. ಟಕ್. ಲಾಳಿ ಓಡುತ್ತದೆ, ನಿಧಾನವಾಗುತ್ತದೆ, ಕೆಂಪು ಚೌಕದೊಳಗೆ ಹೋಗಿ ಮೂತಿ, ಬಾಲ ಎರಡನ್ನೂ ಒಳಗೆಳೆದುಕೊಂಡಂತೆ ನಿಂತುಬಿಡುತ್ತದೆ.

ಮಂಟಪದಲ್ಲಿ ಎದ್ದ ಗದ್ದಲಕ್ಕೆ ಅಡುಗೆಯವರು ಸೌಟು ಹಿಡಿದೇ ಓಡಿ ಬರುತ್ತಾರೆ. ಬಾಲಸುಬ್ರಮಣಿಯನ್ ಗ್ರೈಂಡರ್ ಎತ್ತಿಕೊಂಡು ಬರುತ್ತಾರೆ. ಸಂತೋಷವಿಲ್ಲದವರು ಒಬ್ಬರೇ, ಗೆದ್ದವರು.

"ಇವ್ನು ನನ್ನ ಗೆಲ್ಸೋಕೆ ಕಾಂದಂ ಇಟ್ಟವ್ನೆ!" ನಾಚಿಯಮ್ಮ ಸೆರಗು ಸಿಕ್ಕಿಸಿಕೊಂಡು, ಇಬ್ಬರನ್ನು ಕರೆದು, ಹಲಗೆಯನ್ನು ಮಗುಚಿ ಹಾಕಿಸುತ್ತಾರೆ. ಅಡಿಯಲ್ಲಿ ಬೆರಳು ಆಡಿಸುತ್ತಾರೆ. ಬೀಗದ ಕೈ ಗೊಂಚಲನ್ನು ಬಿಚ್ಚಿ, ಉದ್ದಕ್ಕೂ ತಾಗಿಸಿ ನೋಡುತ್ತಾರೆ. ಎಲ್ಲಿಯೂ ಅಂಟುವುದಿಲ್ಲ.

"ತೃಪ್ತಿ ಆಯ್ತಾ ಅಕ್ಕಾ?"

"ಆಗಿಲ್ಲ. ತಿರುಗ್ಸಿ ಇಡು. ಇನ್ನೊಂದ್ಸಲ."

ಮತ್ತೆ ಅದೇ ಎಡಗೈ, ಅದೇ ಉಸಿರು. ಲಾಳಿ ಓಡಿ ಬಂದು ಚೌಕದ ಮೇಲೆಯೇ ಹಾದು, ಆ ಕಡೆ ಅಂಗೈಯಗಲ ದೂರ ಹೋಗಿ ನಿಲ್ಲುತ್ತದೆ. ನಾಚಿಯಮ್ಮ ಅದನ್ನೇ ಬಹಳ ಹೊತ್ತು ನೋಡುತ್ತಾರೆ. ಕಾಂತವಿದ್ದಿದ್ದರೆ ಇದೂ ನಿಲ್ಲಬೇಕಿತ್ತು. ನಾಚಿಯಮ್ಮ ಬಾಲಸುಬ್ರಮಣಿಯನ್ ಅವರ ಕೈಯಿಂದ ಮೈಕ್ ಕಿತ್ತುಕೊಳ್ಳುತ್ತಾರೆ.

"ಎಲ್ರೂ ಕೇಳ್ಕೊಳ್ಳಿ! ಬರೀ ಮರ! ಏನೂ ಇಲ್ಲ! ಅವ್ನು ಒಳ್ಳೇ ಮರ ಮಾಡವ್ನೆ. ಇವಾಗ ಯಾರೂ ಸಾಲಿಗೆ ಬರ್ಬೇಡಿ, ನಾನು ಇನ್ನೂ ಎಳೀಬೇಕು."

ಊಟಕ್ಕೆ ಕರೆಯುತ್ತಾರೆ, ಅವರು ಹೋಗುವುದಿಲ್ಲ. ಗ್ರೈಂಡರನ್ನು ಯಾರೋ ಅವರ ಕಾಲ ಬಳಿ ಇಟ್ಟು ಹೋಗಿದ್ದಾರೆ. ಅದರ ಮೇಲೆ ಒಂದು ಕಾಲಿಟ್ಟುಕೊಂಡು ಎಳೆಯುತ್ತಲೇ ಇದ್ದಾರೆ. ಮುಂದಿನ ಮದುವೆಗೆ ಚೌಕವನ್ನು ಸ್ವಲ್ಪ ದೊಡ್ಡದು ಮಾಡೋಣವೇ ಎಂದು ಬಾಲಸುಬ್ರಮಣಿಯನ್ ಕೇಳುತ್ತಾರೆ. ತಿರುಮೂರ್ತಿಗೆ ಅದು ಕೇಳಿಸುವುದಿಲ್ಲ. ಅವರ ಕಿವಿ ಹಲಗೆಯ ಕಡೆಗಿದೆ. ಅಲ್ಲಿ ಲಾಳಿ ಇನ್ನೊಮ್ಮೆ ಚೌಕ ತಪ್ಪಿಸಿಕೊಳ್ಳುತ್ತದೆ. ನಾಚಿಯಮ್ಮ ಕೆಳಗೆ ಬಗ್ಗುವುದಿಲ್ಲ. ಎಡಗೈಯನ್ನು ಮುಖದ ಹತ್ತಿರ ತಂದು ದುರುಗುಟ್ಟಿ ನೋಡುತ್ತಾರೆ.

"ಥೂ, ಹಾಳ್ ಕೈಯೇ!"

ತಿರುಮೂರ್ತಿ ಹೆಂಡತಿಯ ಕಡೆ ತಿರುಗುತ್ತಾರೆ. "ಕೇಳಿಸ್ತಾ ಮಲ್ಲಿಗಾ? ಕೈಗೆ ಬೈದ್ರು. ಹಲಗೆಗೆ ಬೈಲಿಲ್ಲ."