ಎದುರಿನ ಕುರ್ಚಿ

ಒಸಿಯೆಕ್ ಪಟ್ಟಣದಲ್ಲಿ ಒಟೀಲಿಯಾಳಂಥ ಕಲ್ಲೆದೆಯ ಹೆಂಗಸು ಇನ್ನೊಬ್ಬಳಿಲ್ಲ ಎಂದೇ ನೆವೆಂಕಾ ನಂಬಿದ್ದಳು. ಬೇರೆಯಾಗುವ ಗಂಡ ಹೆಂಡಿರ ನಡುವೆ ಮಾತುಕತೆ ನಡೆಸುವ ನೆವೆಂಕಾಳಂಥ ಮಧ್ಯಸ್ಥರನ್ನು ತಿಂಗಳಿಗೊಮ್ಮೆ ಎದುರಿನ ಕುರ್ಚಿಯಲ್ಲಿ ಕೂರಿಸಿ, ಅವರ ಕೆಲಸವನ್ನು ಅವರಿಂದಲೇ ಜಾಲಾಡಿಸುವುದು ಆ ಮುದುಕಿಯ ಕಸುಬು. ಅತ್ತರೆ ಕಾಫಿ ಮುಂದೆ ತಳ್ಳುತ್ತಾಳೆ, ಪ್ರಶ್ನೆ ಮಾತ್ರ ಬಿಡುವುದಿಲ್ಲ: "ಅವರ ಜಗಳ ಸಾಕು ಕಣೇ, ಆಗ ನಿನ್ನೊಳಗೆ ಏನಾಯ್ತು ಹೇಳು." ಪ್ರಕರಣ ಬೇಗ ಮುಗಿಸಿ ಎಂದು ನ್ಯಾಯಾಲಯದಿಂದ ಫೋನ್ ಬಂದರೆ, "ನಮ್ಮ ಹುಡುಗಿ ಇನ್ನೂ ಯೋಚಿಸ್ತಿದ್ದಾಳೆ, ನ್ಯಾಯಾಧೀಶರು ಕಾಯ್ಲಿ" ಎಂದು ಇಟ್ಟುಬಿಡುತ್ತಾಳೆ. ಮೊನ್ನೆ ಮಕ್ಕಳಿರುವ ಒಂದು ಜೋಡಿಯ ಪ್ರಕರಣ ಹೇಳುತ್ತ ನೆವೆಂಕಾ, "ಆ ಅಪ್ಪನ್ನ ಕಂಡ್ರೆ ಮೈ ಉರಿಯುತ್ತೆ ಮೇಡಂ, ತಾಯಿ ಕಡೆಗೇ ವಾಲಿಬಿಟ್ಟೆ. ಈ ಕೆಲಸ ಬಿಡ್ತೀನಿ" ಎಂದಳು. "ಬಿಡೋಕೆ ನಾನು ಬಿಡಲ್ಲ. ಏಳು" ಎಂದ ಒಟೀಲಿಯಾ ಮೇಜು ಸುತ್ತಿ ಬಂದು, ಅವಳು ಎದ್ದ ಕುರ್ಚಿಯಲ್ಲಿ ತಾನೇ ಕೂತಳು. "ನೀನು ಹೇಳಿದ್ದು ಕೇಳಿ ನಂಗೂ ಅವನ ಮೇಲೆ ಉರೀತಿದೆ. ಹೋಗು, ನನ್ನ ಜಾಗದಲ್ಲಿ ಕೂತ್ಕೊಂಡು, ನನ್ನೊಳಗೆ ಏನಾಯ್ತು ಅಂತ ನನ್ನ ಕೇಳು."