ಕೊಬ್ಬರಿ ಎಣ್ಣೆಯ ಮಾಸ್ತರು

ನಮ್ಮ ಬ್ಯಾಂಡ್ ಮಾಸ್ತರ ಮೇಲ್ದುಟಿಯ ನಡುವೆ ಅವರೆಕಾಳಿನಷ್ಟು ದಪ್ಪದ ಜಡ್ಡಿತ್ತು. ಆಯುಷ್ಯವಿಡೀ ಟ್ರಂಪೆಟ್ ಊದಿ ಆದದ್ದು. ಕುದಿಯುವ ಚಹಾ ಕುಡಿದರೂ ಅಲ್ಲಿ ಸುಡುವುದಿಲ್ಲವೆಂದು ಜಂಬ ಬೇರೆ.

ರಾಯದುರ್ಗದಲ್ಲಿ ಯಾವ ಬ್ಯಾಂಡಿನ ವಾದ್ಯ ಕೆಟ್ಟರೂ ಅವರ ಜಗಲಿಗೇ ಬರುತ್ತಿತ್ತು. "ಹಿತ್ತಾಳಿ ಬೀಗರಿದ್ದಂಗಪಾ, ಒಂದಿನ ಮರ್ಯಾದಿ ತಪ್ಪಿದ್ರ ವರ್ಷಗಟ್ಟಲೆ ಸಿಟ್ಟು" ಅನ್ನುತ್ತ ಒರೆಸುತ್ತ ಕೂರುವರು.

ದಿನವೂ ಜೀನ್ಸ್ ಹೊಲಿಯುವ ನಾನು ಮದುವೆ ಕಾಲದಲ್ಲಿ ಅವರ ಬ್ಯಾಂಡಿನಲ್ಲಿ ಊದುತ್ತಿದ್ದೆ. ಟ್ರಂಪೆಟ್ ಅವರದೇ, ಕೊಳ್ಳುವುದು ನನ್ನ ಕೈಲಾಗದ ಮಾತು. ಅದರ ಮೂರು ಗುಂಡಿಗಳಿಗೆ ಹಾಕುವ ತೆಳು ಎಣ್ಣೆಯನ್ನು ಅವರು ಬೆಂಗಳೂರಿನಿಂದ ತರಿಸುತ್ತಿದ್ದರು, ತುಪ್ಪಕ್ಕಿಂತ ತುಟ್ಟಿ. ಒಂದು ಮಾಘದಲ್ಲಿ ಆ ಸೀಸೆ ನನ್ನ ಕೈಜಾರಿ ಚೆಲ್ಲಿತು. ಬೈಗುಳಕ್ಕೆ ಹೆದರಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಟ್ರಂಪೆಟ್ಟಿಗೆ ಹಾಕಿದೆ. ಊರಿನ ಬಿಸಿಲಿಗೆ ಗುಂಡಿಗಳು ಚೆನ್ನಾಗಿಯೇ ಆಡಿದವು.

ಎರಡು ದಿನಕ್ಕೆ ಮಡಕಶಿರಾ ದಾಟಿ ಅಮರಾಪುರದಲ್ಲಿ ಮದುವೆ. ಬೆಳಗಿನ ಜಾವ, ಹಲ್ಲು ಕಟಕಟಿಸುವ ಚಳಿ. ಗಂಡಿನವರ ಬಸ್ಸು ಬಂದು ನಿಂತಿತು. ಒತ್ತಿದರೆ ಒಂದು ಗುಂಡಿಯೂ ಇಳಿಯಲಿಲ್ಲ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು ದಿನಾ ತಲೆಗೆ ಹಚ್ಚುವ ನನಗೆ ಗೊತ್ತಿರಲಿಲ್ಲವೇ?

"ಏನ್ರಯ್ಯಾ, ಗಂಡಿನೋರು ಇಳುದ್ರು, ನೀವಿನ್ನೂ ಗರ ಬಡ್ದೋರಂಗೆ ನಿಂತಿದ್ದೀರ!" ಹೆಣ್ಣಿನ ಸೋದರಮಾವ ಕಿರುಚಿದ.

ಪಕ್ಕದಲ್ಲಿ ತಮಟೆಯವರು ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದರು. ನಾನೂ ಟ್ರಂಪೆಟ್ಟನ್ನು ಆ ಬೆಂಕಿಗೆ ಹಿಡಿದೆ. ಮಾಸ್ತರು ಓಡಿಬಂದು ಕಸಿದರು.

"ಬೆಸುಗಿ ಬಿಟ್ರ ಮುಗೀತು, ಹುಚ್ಚಾ!"

ಗುಂಡಿಗಳನ್ನು ಮೂಸಿದರು. ನನ್ನ ಮುಖ ನೋಡಿದರು. ಕೋಟಿನ ಗುಂಡಿ ಬಿಚ್ಚಿ, ತಣ್ಣನೆಯ ಹಿತ್ತಾಳೆಯನ್ನು ಬರಿಹೊಟ್ಟೆಗೆ ಒತ್ತಿ ಅಪ್ಪಿಕೊಂಡರು. ಜ್ವರದಿಂದ ಎದ್ದು ನಾಲ್ಕು ದಿನವೂ ಆಗಿರಲಿಲ್ಲ. ನಿಂತಲ್ಲೇ ನಡುಗುತ್ತಿದ್ದರು. ಗಂಡಿನವರು ಬೀದಿಯಲ್ಲೇ ಕಾಯುತ್ತಿದ್ದರು.

"ಇದುನ್ನ ನೋಡ್ಕೊಳೋನು ಯಾವನು?" ಎಂದ ಸೋದರಮಾವ.

ನನ್ನ ಹೆಸರು ಹೇಳಿದರೆ ಬ್ಯಾಂಡಿನಿಂದ ನಾನು ಹೊರಗೆ.

"ನಾನರಿ. ಕೊಬ್ಬರಿ ಎಣ್ಣಿ ಹಾಕಿದವ ನಾನ. ತಪ್ಪಾತ್ರಿ" ಎಂದರು ಮಾಸ್ತರು, ಬ್ಯಾಂಡಿನವರೆಲ್ಲರ ಎದುರು. ಸ್ವಲ್ಪ ಹೊತ್ತಿಗೆ ಟ್ರಂಪೆಟ್ ನನ್ನ ಕೈಗಿಟ್ಟು, "ಊದು" ಎಂದರು. ಗುಂಡಿಗಳು ಇಳಿದವು. ಊದಿದೆ.

ಸುದ್ದಿ ನಮಗಿಂತ ಮೊದಲು ರಾಯದುರ್ಗ ಮುಟ್ಟಿತ್ತು. 'ಕೊಬ್ಬರಿ ಎಣ್ಣಿ ಮಾಸ್ತರು' ಎಂದು ನಕ್ಕರು. ರಿಪೇರಿಯ ವಾದ್ಯಗಳು ಬಳ್ಳಾರಿಯ ದಾರಿ ಹಿಡಿದವು. ನಿಜ ಹೇಳಿಬಿಡುತ್ತೇನೆ ಎಂದು ಒಮ್ಮೆ ಹೋದೆ. "ಆಮ್ಯಾಲ ನಿನ್ನ ಕೈಗೆ ಯಾರು ವಾದ್ಯ ಕೊಡ್ತಾರ? ಸುಮ್ನ ಕುಂತು ಒರಸು" ಎಂದರು. ನಾನು ಸುಮ್ಮನಾದೆ. ಅಷ್ಟು ಸುಲಭವಾಗಿ ಸುಮ್ಮನಾದದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಹೋದ ವರ್ಷ ಮಾಸ್ತರು ತೀರಿಕೊಂಡರು. ಮಣ್ಣಿಗೆ ಬಂದವನೊಬ್ಬ, "ಭಾಳ ಛಲೋ ಮನಷ್ಯಾರಿ, ಆ ಎಣ್ಣಿ ವಿಷಯದಾಗ ಒಂದು ಎಡವಿದ್ರು" ಎಂದ. ಅವರ ಮಗಳು ತಲೆ ತಗ್ಗಿಸಿದಳು. ಟ್ರಂಪೆಟ್ ನನ್ನ ತುಟಿಯಲ್ಲಿತ್ತು, ಅದೇ ನೆಪವಾಯಿತು.

ಮೂರನೆಯ ದಿನ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ.

"ಅಪ್ಪ ಮನ್ಯಾಗ ನಮಗೂ ಆ ಎಣ್ಣಿ ತಾನ ಹಾಕಿದ್ದು ಅಂತಿದ್ದ" ಎಂದಳು.